ಹೊಗೆಯ ಸ್ಥಳಾಂತರ: ಪಶ್ಚಿಮ ಬೆಂಗಳೂರಿನ ಹಸಿರುಮನೆ ಅನಿಲಗಳ ಮೂಲವಿಚಾರ

1

ಪಟ್ಟಣಗಳ ಇತಿಹಾಸವನ್ನು ಬರೆಯುವವರು ಕೋಟೆ ಪೇಟೆಗಳನ್ನೂ ಕೆರೆ ಗುಡಿಗಳನ್ನೂ ಆಳಿದವರ ವಂಶಾವಳಿಯನ್ನೂ ಆಧಾರವಾಗಿಟ್ಟುಕೊಳ್ಳುವುದು ರೂಢಿ. ಆ ಪಟ್ಟಣದ ಜನರು ಏನನ್ನು ಉರಿಸಿ ಅನ್ನ ಬೇಯಿಸಿಕೊಂಡರು, ಯಾವ ಬಲದಿಂದ ನೀರನ್ನು ಮೇಲಕ್ಕೆತ್ತಿದರು, ಅವರ ಗಿರಣಿಗಳ ಚಕ್ರಗಳು ಯಾವುದರಿಂದ ತಿರುಗಿದವು ಎಂಬ ವಿಚಾರಕ್ಕೆ ಅಂಥ ಗ್ರಂಥಗಳಲ್ಲಿ ದೊರೆಯುವ ಸ್ಥಳ ಅತ್ಯಲ್ಪ. ಭೂಮಿಯ ಉಷ್ಣತೆಯು ಏರುತ್ತಿರುವುದಕ್ಕೆ ಕಾರಣವಾದ ಅನಿಲಗಳು ಎಲ್ಲಿಂದ ಹೊರಟುವೆಂಬುದನ್ನು ತಿಳಿಯಬೇಕಾಗಿರುವ ಈ ಕಾಲದಲ್ಲಿ, ಹೀಗೆ ಬದಿಗೆ ಸರಿದಿದ್ದ ವಿಷಯವೇ ಮುಖ್ಯವಾಗಿ ಪರಿಣಮಿಸಿದೆ.

ಹಸಿರುಮನೆ ಅನಿಲಗಳೆಂದರೆ, ಸೂರ್ಯನ ಬೆಳಕನ್ನು ಒಳಗೆ ಬಿಟ್ಟು, ನೆಲದಿಂದ ಹಿಂದಿರುಗುವ ಶಾಖವನ್ನು ತಡೆದು ಹಿಡಿಯುವ ಅನಿಲಗಳು. ಇಂದು ಇಂಗಾಲದ ಡೈಆಕ್ಸೈಡ್ ಎಂದು ಪರಿಚಿತವಾಗಿರುವ ಇಂಗಾಲಾಮ್ಲ ವಾಯು, ಮೀಥೇನ್, ನೈಟ್ರಸ್ ಆಕ್ಸೈಡ್ ಇವುಗಳಲ್ಲಿ ಪ್ರಮುಖವಾದುವು. ಇಂಗಾಲಾಮ್ಲಕ್ಕೆ ಶಾಖವನ್ನು ಹೀರುವ ಗುಣವಿದೆಯೆಂಬುದನ್ನು ಅಮೆರಿಕದ ಯೂನಿಸ್ ಫೂಟ್ 1856ರಲ್ಲಿಯೂ, ಬ್ರಿಟನ್ನಿನ ಜಾನ್ ಟಿಂಡಾಲ್ 1859ರಿಂದ ಮೊದಲ್ಗೊಂಡು ನಡೆಸಿದ ಪ್ರಯೋಗಗಳಲ್ಲಿಯೂ ತೋರಿಸಿಕೊಟ್ಟರು. ಸ್ವೀಡನ್ನಿನ ಸ್ವಾಂಟೆ ಅರೇನಿಯಸ್ 1896ರಲ್ಲಿ ಈ ವಾಯುವಿನ ಪ್ರಮಾಣ ಹೆಚ್ಚಿದರೆ ಭೂಮಿಯ ಉಷ್ಣತೆ ಎಷ್ಟು ಏರಬಹುದೆಂದು ಗಣಿಸಿದನು. ಕೈಗಾರಿಕಾ ಯುಗಕ್ಕೆ ಮುಂಚೆ ವಾತಾವರಣದ ಹತ್ತು ಲಕ್ಷ ಭಾಗಗಳಲ್ಲಿ ಸುಮಾರು 280 ಭಾಗಗಳಷ್ಟಿದ್ದ ಇಂಗಾಲಾಮ್ಲವು, ಹವಾಯಿ ದ್ವೀಪದ ಮೌನಾ ಲೋವಾದಲ್ಲಿ 1958ರಲ್ಲಿ ಅಳತೆ ಆರಂಭವಾದಾಗ 315ರಷ್ಟಿದ್ದು, ಈಗ 420ನ್ನು ಮೀರಿದೆ.

ಈ ಏರಿಕೆಗೆ ಜಗತ್ತಿನ ಎಲ್ಲ ಊರುಗಳೂ ಹೆಚ್ಚು ಕಡಮೆ ಕಾರಣವಾಗಿವೆ. ರಾಜಾಜಿನಗರ, ವಿಜಯನಗರ, ಬಸವೇಶ್ವರನಗರ, ಕೆಂಗೇರಿಗಳನ್ನೊಳಗೊಂಡ ಪಶ್ಚಿಮ ಬೆಂಗಳೂರಿನ ಪಾಲು ಯಾವ ಮೂಲಗಳಿಂದ ಬಂತು, ಆ ಮೂಲಗಳು ಕಾಲಕ್ರಮದಲ್ಲಿ ಹೇಗೆ ಬದಲಾದುವು ಎಂಬುದನ್ನು ಪರಿಶೀಲಿಸುವುದೇ ಪ್ರಕೃತ ಲೇಖನದ ಉದ್ದೇಶ. ಇಲ್ಲಿ ಪ್ರತಿಪಾದಿಸುವ ವಿಷಯವಿಷ್ಟು: ಒಲೆಯ, ಗಿರಣಿಯ, ರೈಲಿನ ಹೊಗೆಯು ಈ ಭಾಗದಲ್ಲಿ ಸುಮಾರು ಒಂದು ಶತಮಾನದ ಅವಧಿಯಲ್ಲಿ ಬಹುಮಟ್ಟಿಗೆ ಮರೆಯಾಯಿತು. ಆದರೆ ಅನಿಲಗಳ ಉತ್ಸರ್ಜನೆ ಮರೆಯಾಗಲಿಲ್ಲ. ಅದರಲ್ಲಿ ಒಂದು ಭಾಗ ದೂರದ ಜಿಲ್ಲೆಗಳಿಗೆ ಹೋಯಿತು. ಇನ್ನೊಂದು ಭಾಗ ಇಲ್ಲಿಯೇ ಉಳಿದು ಕಣ್ಣಿಗೆ ಕಾಣದಂತಾಯಿತು.

2

ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಬೆಂಗಳೂರು ಪೇಟೆಯ ಪಶ್ಚಿಮಕ್ಕಿದ್ದುದು ಹೊಲ, ತೋಟ, ಕೆರೆ, ಹಳ್ಳಿಗಳು. ಅಲ್ಲಿ ಬಳಕೆಯಲ್ಲಿದ್ದ ಉರುವಲು ಸೌದೆ, ಬೆರಣಿ, ಇದ್ದಿಲು. ಒಣ ಸೌದೆಯ ತೂಕದಲ್ಲಿ ಸುಮಾರು ಅರ್ಧ ಭಾಗ ಇಂಗಾಲ. ಆದುದರಿಂದ ಒಂದು ಕಿಲೋಗ್ರಾಂ ಸೌದೆ ಪೂರ್ತಿಯಾಗಿ ಉರಿದರೆ ಸುಮಾರು 1.8 ಕಿಲೋಗ್ರಾಂ ಇಂಗಾಲಾಮ್ಲ ಹೊರಬರುತ್ತದೆ. ಕಡಿದಷ್ಟು ಮರ ಮತ್ತೆ ಬೆಳೆದರೆ ಆ ವಾಯು ಮತ್ತೆ ಮರದೊಳಕ್ಕೇ ಸೇರುವುದರಿಂದ ಲೆಕ್ಕ ಸರಿಹೋಗುತ್ತದೆ. ಬೆಳೆಯದಿದ್ದರೆ ಅದು ವಾತಾವರಣದ ಮೇಲಿನ ಸಾಲವಾಗಿ ನಿಲ್ಲುತ್ತದೆ. ಸೌದೆಯ ಕಾಲವೆಲ್ಲ ನಿರ್ಮಲವಾಗಿತ್ತೆಂದು ಹೊಗಳುವುದಾಗಲಿ, ಅದೆಲ್ಲ ನಾಶದ ಕಾಲವೆಂದು ಹಳಿಯುವುದಾಗಲಿ ಉಚಿತವಲ್ಲ. ಮೂರು ಕಲ್ಲಿನ ಒಲೆಯಲ್ಲಿ ಉರುವಲಿನ ಶಾಖದ ಬಹುಭಾಗ ಪಾತ್ರೆಗೆ ತಲುಪದೆ ವ್ಯರ್ಥವಾಗುತ್ತಿತ್ತು. ಅರೆಬೆಂದ ಹೊಗೆಯನ್ನು ನುಂಗುತ್ತಿದ್ದವರು ಅಡುಗೆಮನೆಯ ಹೆಂಗಸರು.

ಇದೇ ಕಾಲದಲ್ಲಿ ಕಲ್ಲಿದ್ದಲನ್ನೂ ಸೌದೆಯನ್ನೂ ಬೇಡುವ ಆವಿಯಂತ್ರವು ಈ ಭಾಗವನ್ನು ಪ್ರವೇಶಿಸಿತು. 1876–78ರ ಮಹಾಕ್ಷಾಮದ ತರುವಾಯ ನಿರ್ಮಾಣವಾದ ಬೆಂಗಳೂರು–ಮೈಸೂರು ರೈಲುಮಾರ್ಗವು ಕೆಂಗೇರಿಯ ಮೂಲಕ ಹಾದು 1882ರಲ್ಲಿ ಮೈಸೂರನ್ನು ತಲುಪಿತು. ಪೇಟೆಯ ಪಶ್ಚಿಮದ ಅಂಚಿನಲ್ಲಿ, ಮುಂದೆ ಬಿನ್ನಿ ಮಿಲ್ ಎಂದು ಹೆಸರಾದ ಬಟ್ಟೆ ಗಿರಣಿ 1880ರ ದಶಕದಲ್ಲಿ ಸ್ಥಾಪಿತವಾಯಿತು. ಆ ಬಳಿಕ ಮಿನರ್ವ ಮಿಲ್ಲು ಬಂತು. 1980ರಲ್ಲಿ ಸರ್ವೋಚ್ಚ ನ್ಯಾಯಾಲಯವು ಸಂವಿಧಾನದ ಮೂಲಸ್ವರೂಪವನ್ನು ಕುರಿತು ನೀಡಿದ ಪ್ರಸಿದ್ಧ ತೀರ್ಪು ಈ ಗಿರಣಿಯ ಹೆಸರಿನಿಂದಲೇ ರೂಢಿಯಲ್ಲಿದೆಯೆಂಬುದು ವಾಚಕರಿಗೆ ತಿಳಿದಿರಬಹುದು. ಅರ್ಕಾವತಿಯ ಹೆಸರಘಟ್ಟ ಕೆರೆಯಿಂದ ನಗರಕ್ಕೆ ನೀರು ತರುವ ಯೋಜನೆ 1890ರ ದಶಕದಲ್ಲಿ ಕಾರ್ಯಗತವಾದಾಗ ಸೋಲದೇವನಹಳ್ಳಿಯಲ್ಲಿ ನೀರನ್ನೆತ್ತಿದುದೂ ಆವಿಯಂತ್ರಗಳೇ. ಅರೇನಿಯಸನ ಗಣನೆ ಪ್ರಕಟವಾದ ದಶಕದಲ್ಲಿಯೇ ಬೆಂಗಳೂರಿನ ಕುಡಿಯುವ ನೀರಿಗೂ ಹೊಗೆಗೂ ನಂಟು ಬೆಳೆದುದು ಗಮನಿಸತಕ್ಕ ಸಂಗತಿ.

ಆದರೆ ಮೈಸೂರು ಸಂಸ್ಥಾನದಲ್ಲಿ ಕಲ್ಲಿದ್ದಲ ಗಣಿಗಳಿರಲಿಲ್ಲ. ದೂರದಿಂದ ರೈಲಿನಲ್ಲಿ ತರಿಸಬೇಕಾದ ಕಲ್ಲಿದ್ದಲು ದುಬಾರಿಯಾಗಿತ್ತು. ಭದ್ರಾವತಿಯಲ್ಲಿ 1923ರಲ್ಲಿ ಕಬ್ಬಿಣದ ಉತ್ಪಾದನೆ ಆರಂಭವಾದಾಗಲೂ ಕುಲುಮೆಗೆ ಮಲೆನಾಡಿನ ಮರದ ಇದ್ದಿಲನ್ನೇ ಆಶ್ರಯಿಸಬೇಕಾಯಿತು. ಕಲ್ಲಿದ್ದಲಿನ ಈ ಅಭಾವವೇ ಮುಂದಿನ ಘಟ್ಟಕ್ಕೆ ದಾರಿಮಾಡಿಕೊಟ್ಟಿತು.

3

ಕಾವೇರಿಯ ಶಿವನಸಮುದ್ರದ ಜಲಪಾತದಿಂದ 1902ರಲ್ಲಿ ವಿದ್ಯುತ್ತು ಉತ್ಪಾದನೆಯಾಗಿ, ಸುಮಾರು 148 ಕಿಲೋಮೀಟರು ದೂರದ ಕೋಲಾರದ ಚಿನ್ನದ ಗಣಿಗಳನ್ನು ತಲುಪಿತು. 1905ರ ಆಗಸ್ಟಿನಲ್ಲಿ ಬೆಂಗಳೂರಿನ ಬೀದಿಗಳಲ್ಲಿ ವಿದ್ಯುದ್ದೀಪಗಳು ಬೆಳಗಿದುವು. ಮುಂದೆ ಶಿಂಷಾ (1940), ಜೋಗ (1948), ಶರಾವತಿ (1964ರಿಂದ) ವಿದ್ಯುದಾಗಾರಗಳು ಇದಕ್ಕೆ ಸೇರಿಕೊಂಡುವು. ಅರ್ಕಾವತಿಗೆ ಅಡ್ಡಲಾಗಿ ತಿಪ್ಪಗೊಂಡನಹಳ್ಳಿಯಲ್ಲಿ 1933ರಲ್ಲಿ ಚಾಮರಾಜಸಾಗರ ಸಿದ್ಧವಾದಾಗ ಅಲ್ಲಿಂದ ನೀರನ್ನೆತ್ತಲು ವಿದ್ಯುತ್ ಪಂಪುಗಳನ್ನೇ ಬಳಸಲಾಯಿತು. ಸೋಲದೇವನಹಳ್ಳಿಯ ಆವಿಯ ಕಾಲ ಹಿಂದೆ ಸರಿಯಿತು.

ಸ್ವಾತಂತ್ರ್ಯಾನಂತರ ನಗರದ ಪಶ್ಚಿಮಕ್ಕೆ ರಾಜಾಜಿನಗರವನ್ನು ಯೋಜಿಸಿದಾಗ, ವಸತಿಯನ್ನೂ ಕೈಗಾರಿಕೆಯನ್ನೂ ಒಂದೇ ಬಡಾವಣೆಯಲ್ಲಿ ಕೂಡಿಸುವ ಧೈರ್ಯ ಬಂದುದಕ್ಕೆ ಈ ವಿದ್ಯುತ್ತೂ ಒಂದು ಕಾರಣವೆಂದು ಹೇಳಬಹುದು. ಇಲ್ಲಿನ ಕೈಗಾರಿಕಾ ವಸಾಹತಿನ ಸಣ್ಣ ಕಾರ್ಖಾನೆಗಳಲ್ಲಿ ಲೇತು, ಡ್ರಿಲ್ಲಿಂಗ್ ಯಂತ್ರಗಳು ತಿರುಗುತ್ತಿದ್ದುದು ಮೋಟಾರುಗಳಿಂದ. ಮುಂಬಯಿ ಅಥವಾ ಕಾನ್ಪುರದ ಗಿರಣಿ ಪ್ರದೇಶಗಳಂತೆ ಚಿಮಣಿಗಳ ಸಾಲು ಇಲ್ಲಿ ಏಳಲಿಲ್ಲ. ಜಲವಿದ್ಯುತ್ತಿಗೂ ತನ್ನದೇ ಆದ ಬೆಲೆ ಇತ್ತು. ಲಿಂಗನಮಕ್ಕಿಯ ಹಿನ್ನೀರಿನಲ್ಲಿ ಶರಾವತಿ ಕಣಿವೆಯ ಹಳ್ಳಿಗಳೂ ಗದ್ದೆಗಳೂ ಕಾಡುಗಳೂ ಮುಳುಗಿದುವು, ಮುಳುಗಿದ ಗಿಡಮರಗಳು ಕೊಳೆತಾಗ ಮೀಥೇನ್ ಹೊರಡುತ್ತದೆ. ಆದರೂ ಯೂನಿಟ್ಟೊಂದಕ್ಕೆ ಹೋಲಿಸಿದರೆ ಅದು ಕಲ್ಲಿದ್ದಲಿನ ಸಮೀಪಕ್ಕೂ ಬರುವಂಥದಲ್ಲ. ಸುಮಾರು ಎಂಟು ದಶಕಗಳ ಕಾಲ ಬೆಂಗಳೂರು ಕಲ್ಲಿದ್ದಲಿಲ್ಲದೆ ಬೆಳಗಿದ ನಗರವಾಗಿತ್ತೆಂಬುದು ಜಗತ್ತಿನ ಕೈಗಾರಿಕಾ ನಗರಗಳ ಚರಿತ್ರೆಯಲ್ಲಿ ಅಪರೂಪದ ಸಂಗತಿ.

4

ಮಳೆಯನ್ನೇ ನಂಬಿದ್ದ ಈ ವ್ಯವಸ್ಥೆಗೆ ಮಳೆಯೇ ಮಿತಿಯಾಯಿತು. ಜಲಾಶಯಗಳು ತುಂಬದ ವರ್ಷಗಳಲ್ಲಿ ವಿದ್ಯುತ್ ಕಡಿತ ಅನಿವಾರ್ಯವಾಗುತ್ತಿತ್ತು. ಅಷ್ಟರಲ್ಲಿ ವಿಜಯನಗರ, ಬಸವೇಶ್ವರನಗರಗಳು ಬೆಳೆದು, ನಗರವು ಕೆಂಗೇರಿಯತ್ತ ಚಾಚಿಕೊಂಡಿತ್ತು. ರಾಯಚೂರು ಜಿಲ್ಲೆಯ ಶಕ್ತಿನಗರದಲ್ಲಿ, ಕೃಷ್ಣೆಯ ದಂಡೆಯ ಮೇಲೆ, ರಾಜ್ಯದ ಮೊದಲನೆಯ ದೊಡ್ಡ ಕಲ್ಲಿದ್ದಲು ವಿದ್ಯುದಾಗಾರದ ಮೊದಲ ಘಟಕ 1985ರಲ್ಲಿ ಕಾರ್ಯಾರಂಭ ಮಾಡಿತು. ಕ್ರಮೇಣ ಅದರ ಸಾಮರ್ಥ್ಯ 1720 ಮೆಗಾವಾಟ್‌ಗೆ ಏರಿತು. ಬಳ್ಳಾರಿಯ ಕುಡತಿನಿ, ರಾಯಚೂರಿನ ಯರಮರಸುಗಳಲ್ಲಿ ಇನ್ನೆರಡು ಕಲ್ಲಿದ್ದಲು ವಿದ್ಯುದಾಗಾರಗಳು ಈ ಶತಮಾನದಲ್ಲಿ ತಲೆಯೆತ್ತಿದುವು.

ಕಲ್ಲಿದ್ದಲಿನಿಂದ ಒಂದು ಯೂನಿಟ್ ವಿದ್ಯುತ್ ಪಡೆಯುವಾಗ ಸುಮಾರು ಒಂದು ಕಿಲೋಗ್ರಾಂ ಇಂಗಾಲಾಮ್ಲ ಹೊರಬೀಳುತ್ತದೆ. ಜಲ, ಗಾಳಿ, ಸೌರ, ಅಣುಶಕ್ತಿಗಳನ್ನೂ ಕೂಡಿಸಿ ದೇಶದ ಸರಾಸರಿಯನ್ನು ತೆಗೆದರೆ ಯೂನಿಟ್ಟಿಗೆ ಸುಮಾರು 0.7 ಕಿಲೋಗ್ರಾಂ ಆಗುತ್ತದೆ. 2013ರ ಡಿಸೆಂಬರ್ 31ರಂದು ರಾಯಚೂರು–ಸೋಲಾಪುರ ಮಾರ್ಗದ ಮೂಲಕ ದಕ್ಷಿಣದ ವಿದ್ಯುಜ್ಜಾಲವು ದೇಶದ ಉಳಿದ ಜಾಲದೊಂದಿಗೆ ಕೂಡಿಕೊಂಡಿತು. ಅಂದಿನಿಂದ ಬಸವೇಶ್ವರನಗರದ ಒಂದು ಮನೆಯ ದೀಪ ಶರಾವತಿಯದೋ, ರಾಯಚೂರಿನದೋ, ಛತ್ತೀಸಗಡದ್ದೋ, 2018ರಲ್ಲಿ ಆರಂಭವಾದ ಪಾವಗಡದ ಸೌರೋದ್ಯಾನದ್ದೋ ಎಂದು ಬೆರಳುಮಾಡಿ ಹೇಳುವಂತಿಲ್ಲ. ದೇಶದ ಸರಾಸರಿಯನ್ನು ಹಿಡಿದು ನೋಡಿದರೆ, ತಿಂಗಳಿಗೆ 100 ಯೂನಿಟ್ ಬಳಸುವ ಮನೆಯು 70 ಕಿಲೋಗ್ರಾಂ ಇಂಗಾಲಾಮ್ಲಕ್ಕೆ ಕಾರಣವಾಗುತ್ತದೆ. ಅದೇ ಮನೆಯಲ್ಲಿ 14.2 ಕಿಲೋಗ್ರಾಂ ಅಡುಗೆ ಅನಿಲದ ಒಂದು ಸಿಲಿಂಡರು ಖಾಲಿಯಾದಾಗ ಹೊರಬರುವುದು ಸುಮಾರು 42 ಕಿಲೋಗ್ರಾಂ. ಕಣ್ಣೆದುರಿಗೆ ಉರಿಯುವ ಜ್ವಾಲೆಗಿಂತ, ಏನೂ ಉರಿಯದಂತೆ ತೋರುವ ಗುಂಡಿಯ ಹಿಂದಿನ ಉರಿಯೇ ದೊಡ್ಡದೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ನೀರಿನ ವಿಷಯವೂ ಹೀಗೆಯೇ. ಅರ್ಕಾವತಿಯ ನೀರು ಸಾಲದೆ, 1974ರಲ್ಲಿ ಕಾವೇರಿ ನೀರು ಸರಬರಾಜಿನ ಮೊದಲ ಹಂತ ಪೂರ್ಣವಾಯಿತು. ಐದನೆಯ ಹಂತ 2024ರ ಅಕ್ಟೋಬರಿನಲ್ಲಿ ಉದ್ಘಾಟನೆಗೊಂಡಿತು. ಈ ನೀರು ಸುಮಾರು 100 ಕಿಲೋಮೀಟರು ದೂರದಿಂದ, ಸುಮಾರು 500 ಮೀಟರು ಎತ್ತರಕ್ಕೆ ಏರಿ ಬರಬೇಕು. ಸಾವಿರ ಲೀಟರು ನೀರನ್ನು ಅಷ್ಟು ಎತ್ತರಕ್ಕೇರಿಸಲು ಭೌತಶಾಸ್ತ್ರದ ಲೆಕ್ಕದಂತೆ 1.36 ಯೂನಿಟ್ ಬೇಕು; ಪಂಪು ಕೊಳವೆಗಳಲ್ಲಿ ಆಗುವ ನಷ್ಟವನ್ನು ಸೇರಿಸಿದರೆ ಎರಡು ಯೂನಿಟ್ಟಿಗೆ ಸಮೀಪವಾಗುತ್ತದೆ. ಎಂದರೆ ಮನೆಯ ಮೇಲಿನ ಸಾವಿರ ಲೀಟರಿನ ತೊಟ್ಟಿ ಒಮ್ಮೆ ತುಂಬಿದಾಗ ಎಲ್ಲಿಯೋ ಒಂದು ಕಡೆ ಒಂದು ಕಿಲೋಗ್ರಾಂಗೂ ಮೀರಿ ಇಂಗಾಲಾಮ್ಲ ಹೊರಟಿರುತ್ತದೆ. ಸೋಲದೇವನಹಳ್ಳಿಯ ಚಿಮಣಿ ಕಾಣೆಯಾಯಿತು. ಅದು ಮಾಡುತ್ತಿದ್ದ ಕೆಲಸ ಕಾಣೆಯಾಗಲಿಲ್ಲ.

5

ಮನೆಗಳ ಕಟ್ಟೋಣವೂ ಉತ್ಸರ್ಜನೆಯ ಒಂದು ಮೂಲ. ಹಳೆಯ ಮನೆಗಳ ಗೋಡೆಗೆ ಮಣ್ಣು, ಕಲ್ಲು, ಗಾರೆ. ಸೂರಿಗೆ ನಾಡಹೆಂಚು, ಅನಂತರ ಮಂಗಳೂರು ಹೆಂಚು. ಸುಣ್ಣವನ್ನು ಸುಡುವಾಗಲೂ ಇಂಗಾಲಾಮ್ಲ ಹೊರಡುತ್ತದೆ. ಆದರೆ ಗಾರೆ ಗಟ್ಟಿಯಾಗುವಾಗ ಕಲ್ಲಿನಿಂದ ಹೊರಟ ವಾಯುವಿನ ಬಹುಪಾಲನ್ನು ಅದು ಗಾಳಿಯಿಂದ ಮರಳಿ ಹೀರಿಕೊಳ್ಳುತ್ತದೆ. ಸಿಮೆಂಟು ಹೀಗೆ ಹಿಂದಕ್ಕೆ ಪಡೆಯುವುದು ಅದಕ್ಕಿಂತ ಕಡಮೆ. ಸುಣ್ಣಕಲ್ಲನ್ನು ಕಾಸಿ ಒಂದು ಟನ್ ಕ್ಲಿಂಕರ್ ಮಾಡುವಾಗ, ಕುಲುಮೆಯ ಕಲ್ಲಿದ್ದಲನ್ನು ಬಿಟ್ಟು, ಕಲ್ಲಿನಿಂದಲೇ ಸುಮಾರು ಅರ್ಧ ಟನ್ ಇಂಗಾಲಾಮ್ಲ ಬೇರ್ಪಡುತ್ತದೆ. ಒಂದಂತಸ್ತಿನ ಹೆಂಚಿನ ಮನೆಗಳಿದ್ದ ನಿವೇಶನಗಳಲ್ಲಿ ಇಂದು ನಾಲ್ಕಂತಸ್ತಿನ ಕಾಂಕ್ರೀಟು ಕಟ್ಟಡಗಳಿವೆ. ಆದರೆ ಸಿಮೆಂಟು ಬೆಂದದ್ದು ಕಲಬುರಗಿ ಜಿಲ್ಲೆಯ ವಾಡಿ, ತುಮಕೂರು ಜಿಲ್ಲೆಯ ಅಮ್ಮಸಂದ್ರ ಮೊದಲಾದ ಕಡೆಗಳಲ್ಲಿ. ಗೃಹಪ್ರವೇಶವಾಗುವ ಊರಿಗೂ ಕಲ್ಲು ಬೇಯುವ ಊರಿಗೂ ಈ ಲೆಕ್ಕದಲ್ಲಿ ಮಾತ್ರವೇ ಸಂಬಂಧ.

ಇದಕ್ಕೆ ವ್ಯತಿರಿಕ್ತವಾಗಿ, ಊರೊಳಗೇ ಉಳಿದ ಮೂಲಗಳಲ್ಲಿ ವಾಹನಗಳು ಮೊದಲನೆಯವು. 1940ರಲ್ಲಿ ಆರಂಭವಾದ ಬೆಂಗಳೂರು ಟ್ರಾನ್ಸ್‌ಪೋರ್ಟ್ ಕಂಪೆನಿಯನ್ನು 1956ರಲ್ಲಿ ಸರ್ಕಾರ ವಹಿಸಿಕೊಂಡಿತು; 1997ರಲ್ಲಿ ಬೆಂಗಳೂರು ಮಹಾನಗರ ಸಾರಿಗೆ ಸಂಸ್ಥೆ ರೂಪುಗೊಂಡಿತು. ಆದರೆ ಜನರ ಸಂಚಾರ ಬಸ್ಸಿನಿಂದ ಸ್ವಂತ ವಾಹನದತ್ತ ಹರಿಯಿತು. ನಗರದಲ್ಲಿ ನೋಂದಣಿಯಾದ ವಾಹನಗಳು ಒಂದು ಕೋಟಿಯನ್ನು ದಾಟಿವೆ. ಅವುಗಳಲ್ಲಿ ಬಹುಪಾಲು ದ್ವಿಚಕ್ರಗಳು. ಒಂದು ಲೀಟರು ಪೆಟ್ರೋಲು ಉರಿದರೆ ಸುಮಾರು 2.3, ಡೀಸೆಲ್ ಉರಿದರೆ ಸುಮಾರು 2.7 ಕಿಲೋಗ್ರಾಂ ಇಂಗಾಲಾಮ್ಲ ಉಂಟಾಗುತ್ತದೆ. ಕೆಂಗೇರಿಯಿಂದ ಮೆಜೆಸ್ಟಿಕ್ಕಿಗೆ ಹೋಗಿಬರಲು ಸುಮಾರು 30 ಕಿಲೋಮೀಟರು ಎಂದಿಟ್ಟುಕೊಳ್ಳೋಣ. ಲೀಟರಿಗೆ 12 ಕಿಲೋಮೀಟರು ಓಡುವ ಕಾರಿನಲ್ಲಿ ಒಬ್ಬನೇ ಹೋಗಿಬಂದರೆ ಆರು ಕಿಲೋಗ್ರಾಮಿಗೆ ಸಮೀಪ, ಲೀಟರಿಗೆ 45 ಕಿಲೋಮೀಟರು ಓಡುವ ಸ್ಕೂಟರಿನಲ್ಲಾದರೆ ಸುಮಾರು ಒಂದೂವರೆ ಕಿಲೋಗ್ರಾಂ. ಲೀಟರಿಗೆ ನಾಲ್ಕು ಕಿಲೋಮೀಟರು ಓಡುವ, ಅರುವತ್ತು ಜನ ತುಂಬಿದ ಬಸ್ಸಿನಲ್ಲಾದರೆ ಒಬ್ಬನ ಪಾಲಿಗೆ ಅರ್ಧ ಕಿಲೋಗ್ರಾಮಿಗಿಂತಲೂ ಕಡಮೆ. 2021ರ ಆಗಸ್ಟಿನಲ್ಲಿ ಕೆಂಗೇರಿಯನ್ನು ತಲುಪಿದ ಮೆಟ್ರೋ ಈ ಭಾರವನ್ನು ಇಳಿಸುತ್ತದೆ. ಆದರೆ ಅದು ಎಷ್ಟು ಇಳಿಸುತ್ತದೆಂಬುದು ಮತ್ತೆ ದೂರದ ವಿದ್ಯುದಾಗಾರವನ್ನು ಅವಲಂಬಿಸಿದೆ.

ಊರೊಳಗೇ ಉಳಿದ ಇನ್ನೊಂದು ಮೂಲ ವೃಷಭಾವತಿ. ಬಸವನಗುಡಿಯ ಕಡೆ ಹುಟ್ಟಿ, ಮೈಸೂರು ರಸ್ತೆಯ ಬದಿಯಲ್ಲಿ ನಾಯಂಡಹಳ್ಳಿ, ಕೆಂಗೇರಿಗಳನ್ನು ದಾಟಿ ಬಿಡದಿಯ ಬಳಿಯ ಬೈರಮಂಗಲ ಕೆರೆಯನ್ನು ಸೇರಿ, ಮುಂದೆ ಅರ್ಕಾವತಿಯನ್ನು ಕೂಡುವ ಈ ಹೊಳೆಯು ಪಶ್ಚಿಮ ಬೆಂಗಳೂರಿನ ಕೊಳಚೆಯನ್ನು ಹೊತ್ತು ಹರಿಯುತ್ತಿದೆ. ಕಾವೇರಿಯಿಂದ ಏರಿಬಂದ ನೀರು ಬಳಕೆಯಾಗಿ ಇಳಿದುಹೋಗುವ ದಾರಿ ಇದೇ. ಪ್ರಾಣವಾಯು ತೀರಿದ ಕೊಳಚೆಯಲ್ಲಿ ಸೂಕ್ಷ್ಮಜೀವಿಗಳು ಮೀಥೇನನ್ನು ಉತ್ಪತ್ತಿಮಾಡುತ್ತವೆ. ನೂರು ವರ್ಷಗಳ ಅವಧಿಯನ್ನು ಹಿಡಿದು ನೋಡಿದರೆ ತೂಕಕ್ಕೆ ತೂಕ ಮೀಥೇನಿನ ಪ್ರಭಾವ ಇಂಗಾಲಾಮ್ಲದ ಸುಮಾರು 28 ಪಟ್ಟು. ಹಸಿ ಕಸವನ್ನು ಗುಡ್ಡೆಹಾಕಿ ಮುಚ್ಚಿದಾಗಲೂ ಇದೇ ಅನಿಲ ಹುಟ್ಟುತ್ತದೆ. ಹೊಳೆಯ ದುರ್ವಾಸನೆ ದಾರಿಹೋಕರೆಲ್ಲರಿಗೂ ಗೊತ್ತು. ಅದರೊಡನೆ ಏಳುವ ಮೀಥೇನಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ.

6

ಹೀಗೆ ಮೂಲಗಳನ್ನು ಗುರುತಿಸಿದ ಮೇಲೆ ಉಳಿಯುವ ಪ್ರಶ್ನೆ, ಯಾವುದನ್ನು ಯಾರ ಲೆಕ್ಕಕ್ಕೆ ಹಾಕತಕ್ಕದ್ದು ಎಂಬುದು. ಇದು ಕೇವಲ ಲೆಕ್ಕಿಗರ ಪ್ರಶ್ನೆಯಲ್ಲ. ಹವಾಮಾನ ಬದಲಾವಣೆಯನ್ನು ಕುರಿತ ಅಂತರಸರ್ಕಾರಿ ಸಮಿತಿಯ ಆರನೆಯ ವರದಿಯ ಪ್ರಕಾರ 2019ರಲ್ಲಿ ಜಗತ್ತಿನ ಒಟ್ಟು ಉತ್ಸರ್ಜನೆ ಇಂಗಾಲಾಮ್ಲದ ಸಮಾನದಲ್ಲಿ ಸುಮಾರು 5900 ಕೋಟಿ ಟನ್. ಉರಿದ ಸ್ಥಳದಲ್ಲಿಯೇ ಲೆಕ್ಕ ಹಿಡಿದರೆ ಶಕ್ತಿ ಉತ್ಪಾದನೆಯ ಪಾಲು ನೂರಕ್ಕೆ 34, ಕೈಗಾರಿಕೆಯದು 24, ಕೃಷಿ ಅರಣ್ಯ ಭೂಬಳಕೆಯದು 22, ಸಾರಿಗೆಯದು 15, ಕಟ್ಟಡಗಳದು 6. ಉತ್ಪಾದನೆಯಾದ ವಿದ್ಯುತ್ತನ್ನೂ ಶಾಖವನ್ನೂ ಬಳಸಿದವರ ಹೆಸರಿಗೆ ಬರೆದರೆ ಶಕ್ತಿ ಉತ್ಪಾದನೆಯ ಪಾಲು 12ಕ್ಕೆ ಇಳಿದು, ಕೈಗಾರಿಕೆಯದು 34ಕ್ಕೂ ಕಟ್ಟಡಗಳದು 16ಕ್ಕೂ ಏರುತ್ತದೆ. ಅನಿಲದಲ್ಲಿ ಒಂದು ತೊಲವೂ ವ್ಯತ್ಯಾಸವಾಗಲಿಲ್ಲ. ಹೊಣೆ ಮಾತ್ರ ಕೈ ಬದಲಾಯಿಸಿತು.

ಈ ಮಾತನ್ನು ಕರ್ನಾಟಕಕ್ಕೆ ಅನ್ವಯಿಸಿ ನೋಡಬಹುದು. ಉರಿದ ಸ್ಥಳವೇ ಪ್ರಮಾಣವಾದರೆ ರಾಯಚೂರು ಅಪರಾಧಿ, ರಾಜಾಜಿನಗರ ಶುದ್ಧ. ಬಳಸಿದವರೇ ಹೊಣೆಗಾರರಾದರೆ ತೀರ್ಪು ತಿರುಗುತ್ತದೆ. ಶಕ್ತಿನಗರದ ಸುತ್ತಿನ ಹಳ್ಳಿಗಳವರು ಹಾರುಬೂದಿಯನ್ನೂ, ಬೈರಮಂಗಲದ ರೈತರು ಕೊಳಚೆಯ ನೀರನ್ನೂ ತಮ್ಮ ಬಾಳಿನಲ್ಲಿ ಅನುಭವಿಸುತ್ತಿರುವಾಗ, ಅವುಗಳಿಂದ ಅನುಕೂಲ ಪಡೆದ ಬಡಾವಣೆಗಳ ಇತಿಹಾಸದಲ್ಲಿ ಅವರ ಹೆಸರು ಬಾರದಿರುವುದು ನ್ಯಾಯವಲ್ಲ.

2023ರ ನವೆಂಬರಿನಲ್ಲಿ ಅಂದಿನ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯು ಹವಾಮಾನ ಕ್ರಿಯಾ ಯೋಜನೆಯನ್ನು ಪ್ರಕಟಿಸಿ, 2050ರ ಹೊತ್ತಿಗೆ ನಗರದ ನಿವ್ವಳ ಉತ್ಸರ್ಜನೆಯನ್ನು ಶೂನ್ಯಕ್ಕೆ ತರುವ ಗುರಿಯನ್ನು ಮುಂದಿಟ್ಟಿತು. 2025ರ ಸೆಪ್ಟೆಂಬರಿನಲ್ಲಿ ಆ ಪಾಲಿಕೆಯ ಸ್ಥಾನದಲ್ಲಿ ಐದು ನಗರಪಾಲಿಕೆಗಳು ಅಸ್ತಿತ್ವಕ್ಕೆ ಬಂದುವು. ಅವುಗಳಲ್ಲಿ ಪಶ್ಚಿಮದ್ದೂ ಒಂದು. ಎಲ್ಲೆಗಳು ಕಿರಿದಾದಷ್ಟೂ ಎಲ್ಲೆಯ ಆಚೆಗೆ ಬೀಳುವ ಮೂಲಗಳು ಹೆಚ್ಚುತ್ತವೆ. ಆದುದರಿಂದ ಪಾಲಿಕೆಯ ಗಡಿಯನ್ನೇ ಲೆಕ್ಕದ ಗಡಿಯನ್ನಾಗಿ ಭಾವಿಸದಿರುವ ಎಚ್ಚರ ಇನ್ನು ಮುಂದೆ ಹೆಚ್ಚು ಅಗತ್ಯ.

ಇಲ್ಲಿ ಒಂದು ಆಕ್ಷೇಪಣೆ ಬರಬಹುದು. ಸೌದೆಯ ಒಲೆ ಹೋಗಿ ಅನಿಲದ ಒಲೆ ಬಂದುದು, ಕತ್ತಲೆ ಹೋಗಿ ದೀಪ ಬಂದುದು, ಬಾವಿಯ ಹಗ್ಗ ಹೋಗಿ ನಲ್ಲಿ ಬಂದುದು ಜನಜೀವನದ ಏಳಿಗೆಯಲ್ಲವೇ, ಅದನ್ನು ದೋಷವೆಂದು ಎಣಿಸುವುದೇ ಎಂದು. ಏಳಿಗೆಯೆಂಬುದರಲ್ಲಿ ಸಂಶಯವಿಲ್ಲ. ಅಡುಗೆಮನೆಯ ಹೆಂಗಸರ ಕಣ್ಣಿಗೂ ಎದೆಗೂ ಹೊಗೆಯಿಂದ ದೊರೆತ ಬಿಡುಗಡೆಯನ್ನು ಯಾವ ಲೆಕ್ಕವೂ ಅಲ್ಲಗಳೆಯಲಾರದು. ಇತಿಹಾಸವು ತೋರಿಸುವುದು ಬೇರೊಂದು ಸಂಗತಿಯನ್ನು. ಕಲ್ಲಿದ್ದಲಿಲ್ಲದೆ ನಗರವೊಂದು ಬೆಳಗಬಹುದೆಂಬುದನ್ನು ಬೆಂಗಳೂರು 1905ರಷ್ಟು ಹಿಂದೆಯೇ ತೋರಿಸಿಕೊಟ್ಟಿತ್ತು. ಅಂದು ಅದಕ್ಕೆ ಕಾರಣವಾದುದು ಹವಾಮಾನದ ಚಿಂತೆಯಲ್ಲ, ಕಲ್ಲಿದ್ದಲಿನ ಬೆಲೆ. ಕಾರಣ ಯಾವುದೇ ಆಗಿರಲಿ, ಮಾರ್ಗ ಸಾಧ್ಯವಿತ್ತು. ಮುಂದೆ ಬೇಡಿಕೆಯ ಭಾರದಿಂದ ಅದು ತಪ್ಪಿತು. ತಪ್ಪಿದ ಘಟ್ಟ ಯಾವುದೆಂದು ತಿಳಿದರೆ ಮರಳುವ ದಾರಿಯನ್ನು ಹುಡುಕುವುದು ಸುಲಭವಾದೀತು.

ಈ ವಿಷಯದಲ್ಲಿ ವಿದ್ಯಾರ್ಥಿಗಳು ಮಾಡಬಹುದಾದ ಕೆಲಸ ಬಹಳವಿದೆ. ರೈಲ್ವೆಯ ಕಲ್ಲಿದ್ದಲ ಲೆಕ್ಕಗಳು, ಗಿರಣಿಗಳ ದಾಖಲೆಗಳು, ಸೌದೆ ಡಿಪೋಗಳ ರಸೀತಿಗಳು, ನ್ಯಾಯಬೆಲೆ ಅಂಗಡಿಗಳ ಸೀಮೆಎಣ್ಣೆ ಪುಸ್ತಕಗಳು, ನಗರ ಸುಧಾರಣಾ ಮಂಡಲಿಯ ಕಡತಗಳು, ಮನೆಗಳಲ್ಲಿ ಉಳಿದಿರುವ ಹಳೆಯ ವಿದ್ಯುತ್ ಬಿಲ್ಲುಗಳು, ಇವೆಲ್ಲವೂ ಚಾರಿತ್ರಿಕ ಸಾಮಗ್ರಿಗಳೇ. ಅಗ್ಗಿಷ್ಟಿಕೆಯ ಇದ್ದಿಲಿಗೆ ತಿಂಗಳಿಗೆಷ್ಟು ಖರ್ಚಾಗುತ್ತಿತ್ತು, ಸ್ನಾನದ ಹಂಡೆಗೆ ದಿನಕ್ಕೆಷ್ಟು ಸೌದೆ ಬೇಕಾಗುತ್ತಿತ್ತು ಎಂಬುದನ್ನು ನೆನಪಿನಿಂದ ಹೇಳಬಲ್ಲ ಹಿರಿಯರು ಈ ಬಡಾವಣೆಗಳಲ್ಲಿ ಇನ್ನೂ ಇದ್ದಾರೆ. ಶಿಲಾಶಾಸನಗಳನ್ನು ಓದಲು ತೋರಿದ ಶ್ರದ್ಧೆಯನ್ನೇ ಇವುಗಳಿಗೂ ತೋರಿದಲ್ಲಿ, ನಮ್ಮ ಬಡಾವಣೆಗಳ ಚರಿತ್ರೆಯಲ್ಲಿ ರಾಯಚೂರಿಗೂ ವಾಡಿಗೂ ಬೈರಮಂಗಲಕ್ಕೂ ಸಲ್ಲಬೇಕಾದ ಸ್ಥಾನ ದೊರೆಯುವುದರಲ್ಲಿ ಸಂದೇಹವಿಲ್ಲ.